ನೀರು ಹೊತ್ತು ಕಡಲ ತಡಿಗೆ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ಬಿಟ್ಟು ಉತ್ತರಕ್ಕೆ ಹೊರಟ ಮೊದಲ ದಿನ ದಾರಿಯುದ್ದಕ್ಕೂ ಗೋಧಿ ಹೊಲಗಳಿರುತ್ತವೆ, ಬೇಲಿಗಳಿರುತ್ತವೆ, ಆಗಾಗ ಊರು ಸಿಗುತ್ತದೆ. ಜೆರಾಲ್ಡ್‌ಟನ್ ದಾಟಿದ ಮೇಲೆ ಒಂದೊಂದಾಗಿ ಎಲ್ಲವೂ ಹಿಂದೆ ಸರಿಯುತ್ತವೆ. ಹೆಸರು ನಾರ್ತ್ ವೆಸ್ಟ್ ಕೋಸ್ಟಲ್ ಹೈವೇ ಎಂದಿದ್ದರೂ ಗಂಟೆಗಟ್ಟಲೆ ಕಡಲಿನ ಸುಳಿವಿಲ್ಲ. ಕೆಂಪು ನೆಲ, ಮೊಣಕಾಲೆತ್ತರದ ಕುರುಚಲು, ಅಲ್ಲೊಂದು ಇಲ್ಲೊಂದು ಗೆದ್ದಲ ಹುತ್ತ. ಕೆಲವೆಡೆ ಒಂದು ಪೆಟ್ರೋಲ್ ಬಂಕ್ ಬಿಟ್ಟರೆ ಇನ್ನೊಂದಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿ ಓಡಬೇಕು. ಎದುರಿನಿಂದ ಬರುವ ರೋಡ್ ಟ್ರೇನ್ ಎಂಬ ಲಾರಿಗಳ ಉದ್ದ 53.5 ಮೀಟರ್‌ವರೆಗೂ ಇರುತ್ತದೆ. ಅಂಥದ್ದೊಂದು ಪಕ್ಕದಲ್ಲಿ ಹಾದುಹೋದಾಗ ಗಾಳಿಯ ಹೊಡೆತಕ್ಕೆ ಜೀಪಿನ ಹಿಂದೆ ಕಟ್ಟಿದ ಕ್ಯಾರವಾನ್ ಎಂಬ ಗಾಲಿಮನೆ ಒಮ್ಮೆ ಆಚೆ ತಳ್ಳಿಸಿಕೊಂಡು, ಮರುಕ್ಷಣವೇ ಈಚೆ ಎಳೆಸಿಕೊಳ್ಳುತ್ತದೆ. ಸ್ಟೀರಿಂಗ್ ಬಿಗಿಹಿಡಿದ ಕೈಗಳು ಸಡಿಲವಾಗಲು ಸ್ವಲ್ಪ ಹೊತ್ತು ಬೇಕು.

ಚಳಿಗಾಲದ ಈ ದಾರಿಯಲ್ಲಿ ಕಾಣುವವರಲ್ಲಿ ಅರ್ಧಕ್ಕರ್ಧ ತಲೆ ನರೆತವರು. ನೌಕರಿ ಮುಗಿಸಿ, ಮಕ್ಕಳನ್ನು ದಡ ಸೇರಿಸಿ, ದಕ್ಷಿಣದ ಚಳಿ ತಪ್ಪಿಸಿಕೊಂಡು ತಿಂಗಳುಗಟ್ಟಲೆ ಅಲೆಯುವ ಗಂಡ ಹೆಂಡಿರು. ಗ್ರೇ ನೊಮ್ಯಾಡ್ ಎಂದು ಅವರನ್ನು ಕರೆಯುತ್ತಾರೆ. ಎದುರಾದವರೆಲ್ಲರಿಗೂ ಸ್ಟೀರಿಂಗ್ ಮೇಲಿಂದಲೇ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ಹೊತ್ತು ಇಳಿಯುವ ಮುಂಚೆಯೇ ಎಲ್ಲಾದರೂ ಗಾಡಿ ನಿಲ್ಲಿಸಿಬಿಡುತ್ತಾರೆ, ಏಕೆಂದರೆ ಸಂಜೆಯಾದರೆ ಕಾಂಗರೂಗಳು ರಸ್ತೆಗೆ ಇಳಿಯುತ್ತವೆ.

ಕಾರ್ನಾರ್ವನ್‌ನಲ್ಲಿ ಮಾತ್ರ ಒಮ್ಮೆಲೇ ಹಸಿರು. ಊರ ಪಕ್ಕದ ಗ್ಯಾಸ್ಕೋಯ್ನ್ ನದಿಯಲ್ಲಿ ವರ್ಷದ ಬಹುಪಾಲು ನೀರು ಕಾಣುವುದೇ ಇಲ್ಲ, ಒಣ ಮರಳಿನ ಅಡಿಯಲ್ಲಿ ಗುಪ್ತವಾಗಿರುತ್ತದೆ. ಅದನ್ನೇ ಎತ್ತಿ ಬಾಳೆ, ಟೊಮೆಟೊ, ಮಾವು ಬೆಳೆಯುತ್ತಾರೆ. ಇಲ್ಲಿ ಹಣ್ಣು, ತರಕಾರಿ, ಅಕ್ಕಿ, ಗ್ಯಾಸ್ ಎಲ್ಲ ತುಂಬಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾರವಾನಿನ ಅಡಿಯಲ್ಲಿರುವ ಟ್ಯಾಂಕ್‌ಗಳಿಗೆ ಕಂಠಮಟ್ಟ ನೀರು ಹಿಡಿಯಬೇಕು. ಮುಂದೆ ಕಡಲಿದೆ, ಕುಡಿಯುವ ನೀರಿಲ್ಲ.

ಮುಂದಿರುವುದು ನಿಂಗಲೂ ಕರಾವಳಿ. ಹವಳದ ದಿಬ್ಬ 260 ಕಿಲೋಮೀಟರಿಗೂ ಹೆಚ್ಚು ಉದ್ದ ದಡಕ್ಕಂಟಿಕೊಂಡೇ ಸಾಗುತ್ತದೆ. ಕೆಲವು ಕಡೆ ಕಾಲ್ನಡಿಗೆಯಲ್ಲಿ ನೀರಿಗಿಳಿದು ನಾಲ್ಕು ಸಲ ಕೈ ಬೀಸಿದರೆ ಹವಳದ ಮೇಲೆ ತೇಲುತ್ತಿರುತ್ತೀರಿ. ಕರಾವಳಿ ಕರ್ನಾಟಕದಲ್ಲಿ ಬೆಳೆದವರಿಗೆ ಇದು ಸೋಜಿಗ. ನಮ್ಮಲ್ಲಿ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿದು, ಕಾಳಿ, ಶರಾವತಿ, ನೇತ್ರಾವತಿ ಎಲ್ಲವೂ ಘಟ್ಟದ ಮಣ್ಣು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಬೇಕು. ನಿಂಗಲೂವಿನಲ್ಲಿ ವರ್ಷಕ್ಕೆ 300 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಮಣ್ಣು ತರುವ ಹೊಳೆಯಿಲ್ಲ, ಆದ್ದರಿಂದ ನೀರು ತಿಳಿ, ಹವಳಕ್ಕೆ ಬಿಸಿಲು ಧಾರಾಳ. ಉತ್ತರದ ಬಿಸಿನೀರನ್ನು ಲೂವಿನ್ ಎಂಬ ಕಡಲ ಪ್ರವಾಹ ದಕ್ಷಿಣಕ್ಕೆ ತಂದುಕೊಡುತ್ತದೆ. ನೆಲದ ಬರವೇ ನೀರೊಳಗಿನ ಸಂಪತ್ತಿಗೆ ಕಾರಣ ಎಂದು ತಿಳಿದ ಮೇಲೆ ಆ ಬೋಳು ಗುಡ್ಡಗಳು ನನ್ನ ಕಣ್ಣಿಗೆ ಬೇರೆಯಾಗಿಯೇ ಕಾಣತೊಡಗಿದವು.

ಈ ಕರಾವಳಿಯ ದಕ್ಷಿಣದ ವಾರೂರದ ಕಡೆ ತಿರುಗಿದರೆ ಡಾಂಬರು ಮುಗಿಯುತ್ತದೆ. ತಗಡಿನ ಸುಕ್ಕುಗಳ ಹಾಗೆ ಏಳುಬೀಳಾದ ಮಣ್ಣುದಾರಿಯಲ್ಲಿ ಕಪಾಟಿನ ತಟ್ಟೆ ಲೋಟಗಳೆಲ್ಲ ಗಲಗಲ. ಆಮೇಲೆ ಮೆತ್ತನೆಯ ಮರಳು. ಅಲ್ಲಿ ಎಲ್ಲರೂ ಗಾಡಿ ನಿಲ್ಲಿಸಿ ಮೊಣಕಾಲೂರಿ ಟೈರಿನ ಗಾಳಿ ಬಿಡುತ್ತಾರೆ. ಡಾಂಬರಿನ ಮೇಲೆ 40 ಪಾಯಿಂಟ್‌ನಷ್ಟು ಇದ್ದದ್ದು 20ರ ಆಸುಪಾಸಿಗೆ ಇಳಿಯಬೇಕು. ಸುಯ್ಯೆಂದು ಗಾಳಿ ಹೋಗುತ್ತಿದ್ದಂತೆ ಟೈರು ನೆಲಕ್ಕೆ ಅಗಲವಾಗಿ ಹರಡಿ ಕೂರುತ್ತದೆ, ಮರಳಲ್ಲಿ ಹೂತುಹೋಗದೆ ಮೇಲೆಯೇ ಉರುಳುತ್ತದೆ. ಅವಸರದಲ್ಲಿ ಇದನ್ನು ಬಿಟ್ಟವರು, ಗಾಡಿ ಅಚ್ಚಿನ ಮಟ್ಟಕ್ಕೆ ಹೂತು, ಸಲಿಕೆ ಹಿಡಿದು ಬೆವರುವುದು ಇಲ್ಲಿ ನಿತ್ಯದ ನೋಟ. ಹಿಂದೆ ಬಂದವರು ಕೇಳದೆಯೇ ಇಳಿದು ಮರಳು ಬಗೆಯಲು ಕೈ ಜೋಡಿಸುತ್ತಾರೆ.

ಈ ದಡದಲ್ಲಿ ಬಿಡಾರ ಹೂಡಲು ಕ್ಯಾರವಾನಿನೊಳಗೆ ಮಲದ ಡಬ್ಬಿಯಿರುವ ಶೌಚಾಲಯ ಇರಲೇಬೇಕು. ಡಬ್ಬಿ ತುಂಬಿದಾಗ ಅದಕ್ಕೆಂದೇ ಮಾಡಿದ ಜಾಗಕ್ಕೆ ಒಯ್ದು ಸುರಿಯಬೇಕು. ಕಸವನ್ನೂ ತಂದವರೇ ಹೊತ್ತೊಯ್ಯಬೇಕು. ಹಿಂದೆ ಇದು ಕುರಿ ಸಾಕುವ ವಿಶಾಲ ಎಸ್ಟೇಟಿನ ಭಾಗವಾಗಿತ್ತು. ಈಗ ನ್ಯಿಂಗ್ಗುಲು ಕರಾವಳಿ ಮೀಸಲು ಎಂಬ ಹೆಸರಿನಲ್ಲಿ ಸರ್ಕಾರದ ಜೊತೆ ಈ ನೆಲದ ಮೂಲನಿವಾಸಿಗಳೂ ಸೇರಿ ನೋಡಿಕೊಳ್ಳುತ್ತಾರೆ.

ಉತ್ತರದ ತುದಿಯಲ್ಲಿ ಎಕ್ಸ್‌ಮತ್ ಊರು. ಅಲ್ಲಿಂದ ಭೂಶಿರ ಸುತ್ತಿ ಪಶ್ಚಿಮಕ್ಕೆ ಬಂದರೆ ಕೇಪ್ ರೇಂಜ್ ರಾಷ್ಟ್ರೀಯ ಉದ್ಯಾನ. ಎಡಕ್ಕೆ ಸುಣ್ಣಕಲ್ಲಿನ ಗುಡ್ಡಸಾಲು, ಬಲಕ್ಕೆ ಕಡಲು, ನಡುವಿನ ಕಿರಿದಾದ ಬಯಲಿನಲ್ಲಿ ಒಂದು ರಸ್ತೆ, ರಸ್ತೆಯಿಂದ ಕವಲೊಡೆದು ದಡಕ್ಕಿಳಿಯುವ ಪುಟ್ಟ ಪುಟ್ಟ ಬಿಡಾರದ ತಾಣಗಳು. ಆಸ್ಪ್ರೇ ಬೇ ಅವುಗಳಲ್ಲೊಂದು. ಕರೆಂಟಿಲ್ಲ, ಕುಡಿಯುವ ನೀರಿಲ್ಲ, ಸೌದೆ ಉರಿಸುವಂತಿಲ್ಲ, ನಾಯಿ ತರುವಂತಿಲ್ಲ. ಆದರೂ ತಿಂಗಳುಗಟ್ಟಲೆ ಮೊದಲೇ ಜಾಗ ಕಾದಿರಿಸದಿದ್ದರೆ ಚಳಿಗಾಲದಲ್ಲಿ ಸಿಗುವುದು ಕಷ್ಟ.

ಇಲ್ಲಿನ ಸಂಸಾರವೆಲ್ಲ ನೀರಿನ ಲೆಕ್ಕದ ಮೇಲೆ ನಡೆಯುತ್ತದೆ. ಟ್ಯಾಂಕಿನಲ್ಲಿರುವುದು ಹೆಚ್ಚೆಂದರೆ 150–200 ಲೀಟರ್, ಇಬ್ಬರಿಗೆ ವಾರಕ್ಕೂ ಮೀರಿ ಬರಬೇಕು. ನಮ್ಮ ಪಕ್ಕದ ಬಿಡಾರದ ಅಜ್ಜಿ ಪಾತ್ರೆ ತೊಳೆಯುವುದನ್ನು ನಾನು ಕುಳಿತು ನೋಡುತ್ತಿದ್ದೆ. ಮೊದಲು ಕಾಗದದ ಚೂರಿನಿಂದ ತಟ್ಟೆಯ ಜಿಡ್ಡನ್ನೆಲ್ಲ ಒರೆಸಿ ಕಾಗದವನ್ನು ಕಸದ ಚೀಲಕ್ಕೆ ಹಾಕಿದರು. ಆಮೇಲೆ ದಡದಿಂದ ತಂದ ಬಕೆಟ್ಟಿನ ಉಪ್ಪುನೀರಿನಲ್ಲಿ ಉಜ್ಜಿದರು. ಕೊನೆಗೆ ಇಸ್ತ್ರಿಗೆ ನೀರು ಚಿಮುಕಿಸುವಂಥ ಒಂದು ಬಾಟಲಿ ತೆಗೆದುಕೊಂಡು ಸಿಹಿನೀರನ್ನು ಎರಡೇ ಸಲ ಸಿಂಪಡಿಸಿ ಬಟ್ಟೆಯಿಂದ ಒರೆಸಿಟ್ಟರು. ಇಡೀ ಊಟದ ಪಾತ್ರೆಗೆ ಒಂದು ಲೋಟ ಸಿಹಿನೀರೂ ಖರ್ಚಾಗಲಿಲ್ಲ. ಅವರ ಯಜಮಾನರು ಅಷ್ಟರಲ್ಲಿ ಸೂರ್ಯ ಸರಿದತ್ತ ಸೋಲಾರ್ ಹಲಗೆಯನ್ನು ಹೊರಳಿಸಿ, ಬ್ಯಾಟರಿಯ ಮೀಟರ್ ನೋಡಿ ತಲೆಯಾಡಿಸಿದರು. ಆ ಇಬ್ಬರ ಮುಖದಲ್ಲಿ ಕೊರತೆಯ ಕಿರಿಕಿರಿ ಎಳ್ಳಷ್ಟೂ ಇರಲಿಲ್ಲ.

ಸಂಜೆ ಎಲ್ಲರೂ ತಮ್ಮ ತಮ್ಮ ಕುರ್ಚಿ ಹೊತ್ತು ದಡಕ್ಕೆ ಬರುತ್ತಾರೆ. ಬಿಡಾರ ನೋಡಿಕೊಳ್ಳುವವರೂ ಬರುತ್ತಾರೆ. ಅವರೂ ಕ್ಯಾರವಾನಿನಲ್ಲೇ ಇರುವ ಸ್ವಯಂಸೇವಕರು. ಎಲ್ಲಿ ಆಮೆ ಕಂಡಿತು, ಗಾಳಿ ನಾಳೆ ಯಾವ ಕಡೆಯದು, ಯಾವ ಕೊಲ್ಲಿಯಲ್ಲಿ ನೀರು ತಿಳಿಯಾಗಿದೆ, ಮಾತೆಲ್ಲ ಇದೇ.

ಅದೇ ಉದ್ಯಾನದ ಟರ್ಕಾಯ್ಸ್ ಬೇಯಲ್ಲಿ ಈಜುವವರು ದಕ್ಷಿಣದ ತುದಿಯಲ್ಲಿ ನೀರಿಗಿಳಿಯುತ್ತಾರೆ. ಕೈಕಾಲು ಆಡಿಸಬೇಕಿಲ್ಲ. ಸೆಳವೇ ಮೆಲ್ಲಗೆ ಉತ್ತರಕ್ಕೆ ಒಯ್ಯುತ್ತದೆ. ಕೆಳಗೆ ಹವಳದ ಬೆಟ್ಟಗಳು, ಬಯಲುಗಳು ಹಾದುಹೋಗುತ್ತವೆ. ಪ್ಯಾರಟ್ ಮೀನು ಹವಳ ಕಚ್ಚುವ ಕಟಕಟ ಸದ್ದು ನೀರೊಳಗೆ ನಿಚ್ಚಳವಾಗಿ ಕೇಳುತ್ತದೆ. ಕಲ್ಲು ಎಂದುಕೊಂಡದ್ದು ಕತ್ತು ಚಾಚಿ ಉಸಿರಿಗಾಗಿ ಮೇಲೇಳುತ್ತದೆ, ಕಡಲಾಮೆ. ಆದರೆ ಮರಳುದಿಬ್ಬ ಕಂಡ ಕೂಡಲೇ ದಡ ಹತ್ತಲೇಬೇಕು. ಅದರಾಚೆ ಹವಳದ ದಿಬ್ಬ ಬಾಯಿಬಿಟ್ಟಿದೆ, ಸೆಳವು ಅಲ್ಲಿಂದ ಹೊರಗಿನ ಕಡಲಿಗೆ ನುಗ್ಗುತ್ತದೆ.

ಇಲ್ಲಿಂದ ಸ್ವಲ್ಪವೇ ದಕ್ಷಿಣಕ್ಕೆ ಮಂಡು ಮಂಡು ಕಣಿವೆ. ಕಾಂಗರೂ ಜಾತಿಯ ಕಪ್ಪು ಪಕ್ಕೆಯ ವಾಲಬಿಗಳು ಬಂಡೆಯ ನೆರಳಲ್ಲಿ ಮಲಗಿರುತ್ತವೆ. ಇಲ್ಲಿನ ಒಂದು ಕಲ್ಲಾಸರೆಯಲ್ಲಿ ಪುರಾತತ್ತ್ವಜ್ಞರಿಗೆ ಪೋಣಿಸಲು ಸಜ್ಜುಮಾಡಿದ ಶಂಖದ ಮಣಿಗಳು ಸಿಕ್ಕಿವೆ. ಸುಮಾರು 32,000 ವರ್ಷ ಹಿಂದಿನವು. ಹಿಮಯುಗದಲ್ಲಿ ಕಡಲು ಬೇರೆಡೆ ಬಹುದೂರ ಹಿಂದೆ ಸರಿದಿದ್ದಾಗಲೂ ಇಲ್ಲಿ ಕಡಲಡಿಯ ಅಂಚು ದಡಕ್ಕೆ ಹತ್ತಿರವಿದ್ದುದರಿಂದ ನಡೆದು ಹೋಗಿಬರುವಷ್ಟೇ ದೂರವಿತ್ತು. ಆ ಮಣಿ ಮಾಡಿದವರು ಆಗಲೇ ಈ ದಡದಲ್ಲಿ ಬಿಡಾರ ಹೂಡಿ ಚಿಪ್ಪು ಆರಿಸಿದ್ದರು. ಜನವಿಲ್ಲದ ಕರಾವಳಿ ಎಂದು ಇದನ್ನು ಬಣ್ಣಿಸುವ ಜಾಹೀರಾತುಗಳನ್ನು ನಾನು ಒಪ್ಪಲಾರೆ.

ಈ ಕರಾವಳಿ ಹೀಗೆ ಉಳಿದದ್ದು ತಾನಾಗಿಯೂ ಅಲ್ಲ. ಕೋರಲ್ ಬೇ ಎಂಬ ಪುಟ್ಟ ಊರಿನ ಪಕ್ಕದ ಮಾಡ್ಸ್ ಲ್ಯಾಂಡಿಂಗ್‌ನಲ್ಲಿ ದೊಡ್ಡ ರೆಸಾರ್ಟು, ದೋಣಿಕಟ್ಟೆ ಕಟ್ಟುವ ಯೋಜನೆ ಬಂದಾಗ ಕಾದಂಬರಿಕಾರ ಟಿಮ್ ವಿಂಟನ್ ಮುಂತಾದವರು ಎದ್ದು ನಿಂತರು. ಫ್ರೀಮ್ಯಾಂಟಲ್‌ನಲ್ಲಿ ಸಾವಿರಾರು ಜನ ಸೇರಿದರು. 2003ರಲ್ಲಿ ರಾಜ್ಯದ ಪ್ರೀಮಿಯರ್ ಜೆಫ್ ಗ್ಯಾಲಪ್ ಯೋಜನೆಯನ್ನು ತಿರಸ್ಕರಿಸಿದರು. 2011ರಲ್ಲಿ ನಿಂಗಲೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ದಡದಲ್ಲಿ ನಲ್ಲಿಯಿಲ್ಲ, ಹೋಟೆಲಿಲ್ಲ ಎಂದು ಗೊಣಗುವವರನ್ನು ಕಂಡಾಗ ನನಗೆ ಈ ಕಥೆ ಹೇಳಬೇಕೆನಿಸುತ್ತದೆ.

2025ರ ಆರಂಭದಲ್ಲಿ ಮಾತ್ರ ಯಾವ ಚಳವಳಿಯೂ ತಡೆಯಲಾಗದ್ದು ಬಂತು. ಕಡಲ ನೀರು ವಾರಗಟ್ಟಲೆ ವಾಡಿಕೆಗಿಂತ ಬಿಸಿಯಾಗಿಯೇ ಉಳಿದು, ದಿಬ್ಬದ ಉದ್ದಕ್ಕೂ ಹವಳಗಳು ಬಿಳಿಚಿದವು, ಎಷ್ಟೋ ಸತ್ತವು. ನೀರಿನ ಬಿಸಿಗೆ ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣಿದರೆ ಬಣ್ಣ ಮರಳಿ ಬರುತ್ತದೆ, ತಣಿಯದಿದ್ದರೆ ಹವಳ ಸತ್ತು ಪಾಚಿ ಹತ್ತುತ್ತದೆ. ಸತ್ತ ಜಾಗ ಮತ್ತೆ ತುಂಬಲು ಹತ್ತಾರು ವರ್ಷ ಬೇಕು, ಆ ಹತ್ತಾರು ವರ್ಷ ಕಡಲು ಇನ್ನೊಮ್ಮೆ ಹೀಗೆ ಬಿಸಿಯಾಗದೆ ಇರಬೇಕು. ಪ್ರತಿ ವರ್ಷ ಮಾರ್ಚ್–ಏಪ್ರಿಲ್‌ನ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಹವಳಗಳು ಒಟ್ಟಾಗಿ ಮೊಟ್ಟೆ ಬಿಡುತ್ತವೆ. ಆ ಹೊತ್ತಿಗೇ ವೇಲ್ ಶಾರ್ಕ್‌ಗಳು ಬರುತ್ತವೆ, ಅವುಗಳ ಹಿಂದೆಯೇ ಕ್ಯಾರವಾನುಗಳೂ. ಬದುಕಿ ಉಳಿದ ಹವಳ ಎಷ್ಟು ಮೊಟ್ಟೆ ಬಿಟ್ಟೀತು, ಅದರಲ್ಲಿ ಎಷ್ಟು ಎಳೆಯವು ಹಳೆಯ ದಿಬ್ಬಕ್ಕೆ ಅಂಟಿ ಬೆಳೆದಾವು? ಮತ್ತೆ ಟ್ಯಾಂಕ್ ತುಂಬಿಸಿಕೊಂಡು ಅಲ್ಲಿಗೆ ಹೊರಟರೆ ನಾನು ಮೊದಲು ನೋಡಬೇಕಾದದ್ದು ಅದನ್ನೇ.