ಅನುಮತಿಯಿಂದ ಅವಕಾಶದೆಡೆಗೆ

ಅರಸೀಕೆರೆಯಲ್ಲಿ ಈಶ್ವರ ದೇವಾಲಯವಿದೆ. ರೇಚರಸನು 1220ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಇದೆ. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನೇ ಹಳೇಬೀಡಿನ ಬಸದಿಯ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಇದನ್ನು ನಾವು ಸಮನ್ವಯವೆಂದು ಕೊಂಡಾಡುವುದುಂಟು. ಆದರೆ ಅದೇ ಬಸದಿಯ ಕಂಬಗಳ ಮೇಲೆ ಮುಂದೆ ಲಿಂಗಮುದ್ರೆ ಬಿದ್ದಿತು, ಜೈನನೊಬ್ಬನು ಅದನ್ನು ಅಳಿಸಿದನು, ವ್ಯಾಜ್ಯವೆದ್ದಿತು. ಅದರ ತೀರ್ಮಾನ 1638ರ ಶಾಸನದಲ್ಲಿದೆ. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಬೇಕು. ಬಳಿಕ ತಮ್ಮ ಪೂಜೆಯನ್ನು ಹಿಂದಿನಂತೆ ನಡೆಸಬಹುದು. ಅಡ್ಡಿಪಡಿಸುವ ವೀರಶೈವನು ಶಿವದ್ರೋಹಿ. ತೀರ್ಮಾನ ಉದಾರವಾದುದೇ ಸರಿ. ಆದರೂ ಅದು ಬಲ್ಲಿದರು ಇತ್ತ ಅನುಮತಿ, ಸಮಾನರ ಹಕ್ಕಲ್ಲ.

ಈ ಊರುಗಳನ್ನೊಳಗೊಂಡಿದ್ದ ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಬೇರೊಂದು ಬಗೆಯ ಐಕ್ಯ ಮೂಡಿತು. ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಪ್ರಜಾಮಿತ್ರ ಮಂಡಲಿಯಲ್ಲಿ ಕಲೆತರು. ಜನಸಂಖ್ಯೆಯಲ್ಲಿ ಕೆಲವರು ಹಿರಿದು, ಕೆಲವರು ಕಿರಿದು. ಕಾಲೇಜಿನಲ್ಲಿ, ಕಚೇರಿಯಲ್ಲಿ ಮಾತ್ರ ಎಲ್ಲರೂ ಅಲ್ಪಸಂಖ್ಯಾತರೇ. ಈ ಸಮಾನ ಕೊರತೆಯೇ ಅವರನ್ನು ಒಂದುಗೂಡಿಸಿತು. 1918ರಲ್ಲಿ ನೇಮಕಗೊಂಡ ಲೆಸ್ಲಿ ಮಿಲ್ಲರ್ ಸಮಿತಿಯು ವಿದ್ಯಾರ್ಥಿವೇತನವನ್ನೂ, ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯಲ್ಲಿ ಮೂರರಲ್ಲಿ ಎರಡು ಪಾಲನ್ನೂ ಹಿಂದುಳಿದವರಿಗೆ ಶಿಫಾರಸು ಮಾಡಿತು.

ಶಿಲಾಶಾಸನ ಜಗಳವನ್ನು ನಿಲ್ಲಿಸಬಲ್ಲದು, ನೆರೆಹೊರೆಯನ್ನು ಕಟ್ಟಲಾರದು. ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು, ಒಂದೇ ಕಚೇರಿಯಲ್ಲಿ ದುಡಿದವರು ಪರಸ್ಪರರ ಅನುಮತಿಗಾಗಿ ಕಾಯುವುದಿಲ್ಲ. ಆದರೆ ಮೊದಲು ಮೆಟ್ಟಿಲೇರಿದವನು ಹಿಂದಿನವನಿಗೆ ಕೈ ನೀಡದಿದ್ದರೆ, ಆ ಐಕ್ಯವೂ ಹಳೆಯ ಒಪ್ಪಂದದಂತೆಯೇ ಕಲ್ಲಿನಲ್ಲಿ ಉಳಿದೀತು, ಬಾಳಿನಲ್ಲಿ ಅಲ್ಲ.