ದೂರದಲ್ಲಿ ಓದುವ ಮಕ್ಕಳು ತಟ್ಟಬೇಕಾದ ಬಾಗಿಲುಗಳು

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ವಾಹನ ಬಿಡುವುದಿಲ್ಲ. ಅದು ಬಂಡೀಪುರ ಹುಲಿ ಸಂರಕ್ಷಿತ ಅರಣ್ಯ. ಬುಡದಲ್ಲಿ ಗಾಡಿ ನಿಲ್ಲಿಸಿ ಸರಕಾರಿ ಬಸ್ಸು ಹತ್ತಬೇಕು. ಕಳೆದ ರಜೆಯಲ್ಲಿ ಆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವನು ಮದ್ರಸದ ಹಳೆಯ ಶಿಷ್ಯ. ಗುಂಡ್ಲುಪೇಟೆಯಲ್ಲಿ ಮಾವನ ಅಂಗಡಿ ಉಂಟು, ಅಲ್ಲೇ ಇದ್ದು ಬಿ.ಕಾಂ. ಓದುತ್ತಿದ್ದಾನೆ. ಮಂಜು ತೋರಿಸುತ್ತೇನೆ ಉಸ್ತಾದ್ ಎಂದು ಕರೆದುಕೊಂಡು ಹೋದವನು, ತಿರುವುಗಳ ನಡುವೆ ಮೆಲ್ಲಗೆ ಹೇಳಿದ: "ಸ್ಟ್ಯಾಟಿಸ್ಟಿಕ್ಸ್ ಹೋಗಿದೆ. ಓದು ಬಿಟ್ಟು ಅಂಗಡಿಯಲ್ಲೇ ನಿಲ್ತೇನೆ. ಬಾಪನಿಗೆ ಹೇಳ್ಬೇಡಿ."

"ಕಾಲೇಜಲ್ಲಿ ಯಾರಿಗಾದ್ರೂ ಹೇಳಿದ್ಯಾ ಮೋನೆ?"

"ಯಾರಿಗೆ ಹೇಳೋದು?"

ಆ ಪ್ರಶ್ನೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಉತ್ತರವಿಲ್ಲ. ಡಿಗ್ರಿಗೆ ಹೋಗುವ ಮೊದಲ ತಲೆಮಾರಿನ ಮಕ್ಕಳು ನಮ್ಮವರು. ಫೀಸು ಕಟ್ಟಿದರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ.

ಈಗ ಓದಲು ಬಾಗಿಲುಗಳು ಹೆಚ್ಚಿವೆ. ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಚಾಮರಾಜನಗರದ ಸುವರ್ಣ ಗಂಗೋತ್ರಿ 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವೇ ಆಯಿತು. ಆದರೆ ಒಳಗೆ ಹೋದ ಮೇಲೆ ಎಡವಿದರೆ ಎಲ್ಲಿ ಕೇಳಬೇಕು ಎಂಬುದನ್ನೂ ತಿಳಿದಿರಬೇಕು.

ಮೊದಲನೆಯದು ಮೆಂಟರ್. ಹೆಚ್ಚಿನ ಕಾಲೇಜುಗಳಲ್ಲಿ ಇಷ್ಟಿಷ್ಟು ಮಕ್ಕಳಿಗೆ ಒಬ್ಬರು ಅಧ್ಯಾಪಕರೆಂದು ಹಂಚಿರುತ್ತಾರೆ. ಪೇಪರು ಹೋದರೆ ಮೊದಲು ಅವರಲ್ಲಿಗೆ ಹೋಗಬೇಕು. ಅಂಕದ ಬಗ್ಗೆ ಸಂಶಯವಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು, ಆದರೆ ಕೊನೆಯ ದಿನಾಂಕ ಬೇಗ ದಾಟಿ ಹೋಗುತ್ತದೆ.

ಎರಡನೆಯದು ಹಣ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ವೃತ್ತಿಪರ ಕೋರ್ಸಿನವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ, ಊರು ಬಿಟ್ಟು ಓದುವವರಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಹಾಸ್ಟೆಲ್ ಉಂಟು.

ಮೂರನೆಯದು ದೂರು. ಯುಜಿಸಿಯ 2023ರ ನಿಯಮದಂತೆ ಕಾಲೇಜುಗಳಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿವಿಯ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ರ‍್ಯಾಗಿಂಗ್ ಆದರೆ 1800-180-5522ಕ್ಕೆ ಉಚಿತ ಕರೆ.

ನಾಲ್ಕನೆಯದು ಮನಸ್ಸು. ನಾವು ಹೇಳಲು ನಾಚುವುದು ಇದನ್ನೇ. ನಿದ್ದೆ ಬಾರದ, ಊಟ ಸೇರದ, ಬದುಕೇ ಬೇಡವೆನಿಸುವ ಹೊತ್ತಿಗೆ ಟೆಲಿ ಮಾನಸ್ 14416 ಉಂಟು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದುಆ ಮಾಡೋಣ, ಜೊತೆಗೆ ಮದ್ದೂ ಮಾಡೋಣ. ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದ ದೀನ್ ನಮ್ಮದು.

ಬೆಟ್ಟ ಇಳಿದ ಮೇಲೆ ಹುಡುಗನಿಗೆ ಎರಡೇ ಕೆಲಸ ಹೇಳಿದೆ: ಸೋಮವಾರ ಮೆಂಟರನ್ನು ಕಾಣು, ಇವತ್ತೇ ಬಾಪನಿಗೆ ನೀನೇ ಹೇಳು. ಬಾಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಬರೆಯಲು ಎಷ್ಟು ಕಟ್ಟಬೇಕು?" ಎಂದು ಕೇಳಿದರಂತೆ. ಅಷ್ಟೇ. ಎರಡು ತಿಂಗಳು ಹೆದರಿದ್ದು ಈ ಒಂದು ಮಾತಿಗೆ! ಪೇಪರು ಮತ್ತೆ ಬರೆದಿದ್ದಾನೆ, ಫಲಿತಾಂಶ ಇನ್ನೂ ಬಂದಿಲ್ಲ.

ಪೋಷಕರೇ, ಇವತ್ತು ಮಕ್ಕಳಿಗೆ ಫೋನ್ ಮಾಡಿದಾಗ ಮಾರ್ಕು ಕೇಳುವ ಮೊದಲು ಮೆಂಟರ್ ಯಾರೆಂದು ಕೇಳಿ. ಅವರ ನಂಬರನ್ನೂ 14416ನ್ನೂ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.