ಫೈಬರ್ ಟಾಪ್ ಮೇಲೆ ಕ್ಯಾರಿಯರ್: ನಂಬಿಕೆ ಬೇರೆ, ಸತ್ಯ ಬೇರೆ

ರಾಯಬಾಗ ತಾಲ್ಲೂಕಿನ ಪಾಲಬಾವಿ ಕಡೆಯವರಿಗೆ ಕ್ರೂಸರ್, ಬೊಲೆರೊಗಳ ನೆತ್ತಿಯ ಮೇಲಿನ ಕ್ಯಾರಿಯರ್ ಹೊಸದೇನಲ್ಲ. ಅದೇ ರೂಢಿಯಲ್ಲಿ ಪಿಕಪ್‌ನ ಹಿಂಬದಿಗೆ ಹೊದಿಸಿದ ಫೈಬರ್ ಟಾಪ್ ಮೇಲೂ ಕ್ಯಾರಿಯರ್ ಬಿಗಿಸಲು ಹೊರಟರೆ ಕೆಲಸ ಕೆಡುತ್ತದೆ. ತಗಡಿನ ಲೆಕ್ಕ ಫೈಬರ್‌ಗೆ ನಡೆಯುವುದಿಲ್ಲ.

“ಮ್ಯಾಲ ನಿಂತು ನೋಡೀನಿ, ಏನೂ ಆಗಿಲ್ಲ. ಒಂದು ಕ್ವಿಂಟಲ್ ಆರಾಮ ತಡೀತೈತಿ” ಎಂಬುದು ಮೊದಲ ನಂಬಿಕೆ. ನಿಂತ ಗಾಡಿ ತಡೆಯುವ ಭಾರ ಬೇರೆ, ಓಡುವ ಗಾಡಿ ತಡೆಯುವ ಭಾರ ಬೇರೆ. ಹಂಪ್ ಹಾರಿದಾಗ ಅದೇ ಸಾಮಾನು ಹಲವು ಪಟ್ಟು ಜೋರಾಗಿ ಕುಕ್ಕುತ್ತದೆ. ವೇಗ 40ರಿಂದ 80 ಕಿಲೋಮೀಟರಿಗೆ ಏರಿದರೆ ಎದುರುಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ.

“ದಪ್ಪ ಬೋಲ್ಟ್ ಹಾಕಿದರೆ ಮುಗೀತು” ಎನ್ನುವುದು ಇನ್ನೊಂದು. ಗಾಜಿನ ನಾರಿಗೆ ರಾಳ ಕುಡಿಸಿ ಮಾಡಿದ ಈ ಹಾಳೆ ಕೆಲವೇ ಮಿಲಿಮೀಟರ್ ದಪ್ಪ. ಭಾರ ಹರಡಿದರೆ ತಾಳುತ್ತದೆ, ಒಂದೇ ಕಡೆ ಒತ್ತಿದರೆ ಸೀಳುತ್ತದೆ. ಬೋಲ್ಟ್ ಎಷ್ಟೇ ದಪ್ಪವಿದ್ದರೂ ಒಳಗಡೆ ಅಗಲವಾದ ಪಟ್ಟಿ ಇಲ್ಲದಿದ್ದರೆ ತೂತು ದಿನೇ ದಿನೇ ದೊಡ್ಡದಾಗುತ್ತದೆ. ಆ ಪಟ್ಟಿಯೂ ಹಗುರ ಸಾಮಾನಿಗೆ ಮಾತ್ರ ಸಾಕು. ಭಾರದ ಸಾಮಾನಿಗೆ ಒಂದೇ ದಾರಿ: ಟಾಪ್ ಒಳಗೆ ಚೌಕ ಪೈಪಿನ ಚೌಕಟ್ಟು ಕಟ್ಟಿ, ಅದರ ಕಾಲುಗಳನ್ನು ಪಿಕಪ್‌ನ ಕಬ್ಬಿಣದ ಬಾಡಿಗೆ ಬಿಗಿಯುವುದು. ಕ್ಯಾರಿಯರ್ ಬೋಲ್ಟ್ ಫೈಬರ್ ದಾಟಿ ಆ ಚೌಕಟ್ಟನ್ನೇ ಹಿಡಿಯಬೇಕು. ಆಗ ಭಾರ ಹೊರುವುದು ಕಬ್ಬಿಣ, ಫೈಬರ್ ಬರೀ ಹೊದಿಕೆ.

ತೂತು ಕೊರೆಯುವಾಗ ಅವಸರ ಬೇಡ. ಮೇಲಿನ ಹೊಳಪಿನ ಪದರ ಬಲು ಬಿರುಸು. ಟೇಪ್ ಅಂಟಿಸಿ, ಡ್ರಿಲ್ಲನ್ನು ಒತ್ತದೆ ಓಡಿಸದಿದ್ದರೆ ಸುತ್ತ ಎಳೆಎಳೆಯಾಗಿ ಬಿರುಕು ಬಿಡುತ್ತದೆ. ಗಾಜಿನ ಪುಡಿ ಹಾರುವುದರಿಂದ ಮಾಸ್ಕ್, ಕನ್ನಡಕ ಬೇಕೇ ಬೇಕು. ನೀರು ಸೋರದಂತೆ ಯಾವ ಸಿಲಿಕಾನ್ ಮೆತ್ತಿದರೂ ನಡೆಯುತ್ತದೆ ಎಂಬುದೂ ಸುಳ್ಳು. ವಿನೆಗರ್ ವಾಸನೆಯದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಪಾಲಿಯುರೆಥೇನ್ ಸೀಲಂಟ್ ವಾಸಿ.

ಎಲ್ಲಕ್ಕಿಂತ ದುಬಾರಿ ತಪ್ಪು, “ಗಟ್ಟಿ ಆಗಲಿ” ಎಂದು ಒಂದೇ ಕ್ಯಾರಿಯರನ್ನು ಕ್ಯಾಬಿನ್‌ಗೂ ಟಾಪ್‌ಗೂ ಸೇರಿಸಿ ಬಿಗಿಯುವುದು. ಪಿಕಪ್‌ನಲ್ಲಿ ಕ್ಯಾಬಿನ್, ಬಾಡಿ ಎರಡೂ ಚಾಸಿ ಮೇಲೆ ಬೇರೆಬೇರೆ ಕೂತಿರುತ್ತವೆ. ಒಂದು ಚಕ್ರ ಗುಂಡಿಗಿಳಿದಾಗ ಎರಡೂ ಬೇರೆಬೇರೆ ವಾಲುತ್ತವೆ. ನಡುವೆ ಬಿಗಿದ ಕ್ಯಾರಿಯರ್ ಫೈಬರನ್ನು ತಿರುಚಿ ಒಡೆಯುತ್ತದೆ.

“ನನ್ನ ಗಾಡಿ, ನನ್ನ ಇಷ್ಟ” ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮೊದಲು ಚಿಕ್ಕೋಡಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟಾಗ ಗಂಟುಮೂಟೆ ಮೇಲಿರಲಿ, ಮಕ್ಕಳು ಒಳಗಿರಲಿ. ಗಾಡಿಯ ಮೇಲೆ ಜನರನ್ನು ಕೂರಿಸುವುದನ್ನು ಅದೇ ಕಾಯ್ದೆಯ 123ನೇ ಕಲಮು ನಿಷೇಧಿಸಿದೆ.